ಡಿಜಿಟಲ್ ಭೂಪಟ ಮತ್ತು ಪ್ರೌಢಶಾಲೆಯ ಭೂಗೋಳ ಪಾಠ

ಕಾಗದದ ಭೂಪಟದಲ್ಲಿ ಮಾಹಿತಿಯೂ ಚಿತ್ರವೂ ಒಂದೇ. ನದಿಯನ್ನು ನೀಲಿ ಗೆರೆಯಾಗಿ ಅಚ್ಚು ಹಾಕಿದ ಮೇಲೆ ಅದನ್ನು ಆ ಹಾಳೆಯಿಂದ ಬೇರೆ ಮಾಡಲು ಬಾರದು. ಡಿಜಿಟಲ್ ಭೂಪಟದಲ್ಲಿ ಇವೆರಡೂ ಬೇರೆಬೇರೆ. ನದಿಯ ಹಾದಿ ಅಕ್ಷಾಂಶ-ರೇಖಾಂಶಗಳ ಸಾಲಾಗಿ ಕಡತದಲ್ಲಿರುತ್ತದೆ. ಅದನ್ನು ಯಾವ ಬಣ್ಣದಲ್ಲಿ, ಎಷ್ಟು ದಪ್ಪವಾಗಿ, ಯಾವುದರ ಜೊತೆಗೆ ತೋರಿಸಬೇಕು ಎಂಬುದನ್ನು ನೋಡುವವರೇ ತೀರ್ಮಾನಿಸಬಹುದು. ಭೂಗೋಳದ ಬೋಧನೆಗೆ ಈ ತಂತ್ರಜ್ಞಾನ ತಂದ ಮುಖ್ಯ ಬದಲಾವಣೆ ಇದೇ. ಸಿದ್ಧ ಭೂಪಟದಲ್ಲಿ ಊರು ಎಲ್ಲಿದೆ ಎಂದು ಹುಡುಕುತ್ತಿದ್ದ ವಿದ್ಯಾರ್ಥಿ ಈಗ ಊರು, ನದಿ, ಮಣ್ಣು, ಮಳೆಗಳನ್ನು ತಾನೇ ಒಂದರ ಮೇಲೊಂದು ಇರಿಸಿ, ಅದು ಅಲ್ಲೇ ಏಕಿದೆ ಎಂದು ವಿಚಾರಿಸಬಹುದು.

ಕರ್ನಾಟಕ ರಾಜ್ಯ ಪಠ್ಯಕ್ರಮದಲ್ಲಿ ಎಂಟನೇ ತರಗತಿಯ ಭೂಗೋಳವು ಶಿಲಾಗೋಳ, ವಾಯುಗೋಳ, ಜಲಗೋಳಗಳನ್ನು ಪರಿಚಯಿಸುತ್ತದೆ. ಒಂಬತ್ತನೆಯದು ಕರ್ನಾಟಕವನ್ನೂ ಹತ್ತನೆಯದು ಭಾರತವನ್ನೂ ವಿವರಿಸುತ್ತವೆ. ಈ ಮೂರೂ ಹಂತಗಳಲ್ಲಿ ಡಿಜಿಟಲ್ ಭೂಪಟ ಹೇಗೆ ನೆರವಾಗುತ್ತದೆ, ಎಲ್ಲಿ ದಾರಿ ತಪ್ಪಿಸುತ್ತದೆ ಎಂಬುದು ಈ ಅಧ್ಯಾಯದ ವಿಷಯ.

ಟೋಪೋಶೀಟಿನಿಂದ ತೆರೆಯವರೆಗೆ

ಭಾರತೀಯ ಸರ್ವೇಕ್ಷಣಾ ಇಲಾಖೆ ಸ್ಥಾಪನೆಯಾದದ್ದು 1767ರಲ್ಲಿ. ವಿಲಿಯಂ ಲ್ಯಾಂಬ್ಟನ್ 1802ರಲ್ಲಿ ಮದ್ರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿ ಆಧಾರರೇಖೆಯೊಂದನ್ನು ಅಳೆದು ಮಹಾ ತ್ರಿಕೋನಮಿತಿ ಸರ್ವೇಕ್ಷಣೆಯನ್ನು ಆರಂಭಿಸಿದ. ಅಂಥ ಅಳತೆಗಳ ಮೇಲೆ ನಿಂತ ಟೋಪೋಶೀಟುಗಳು ಇಂದಿಗೂ ದೇಶದ ಮೂಲ ಭೂಪಟಗಳು. ಅವುಗಳ ಸಂಖ್ಯಾಕ್ರಮವೇ ಅಕ್ಷಾಂಶ-ರೇಖಾಂಶದ ಒಳ್ಳೆಯ ಪಾಠ. ನಾಲ್ಕು ಡಿಗ್ರಿ ಅಗಲ, ನಾಲ್ಕು ಡಿಗ್ರಿ ಎತ್ತರದ ಚೌಕಕ್ಕೆ ಒಂದು ಅಂಕಿ. ಅದನ್ನು ಹದಿನಾರು ಭಾಗ ಮಾಡಿದರೆ ಬರುವ ಒಂದು ಡಿಗ್ರಿಯ ಚೌಕಕ್ಕೆ ಒಂದು ಅಕ್ಷರ. ಅದನ್ನೂ ಹದಿನಾರು ಭಾಗ ಮಾಡಿದರೆ 15 ಮಿನಿಟಿನ ಚೌಕಕ್ಕೆ ಮತ್ತೊಂದು ಅಂಕಿ. ಬೆಂಗಳೂರು 13 ಡಿಗ್ರಿ ಉತ್ತರ ಅಕ್ಷಾಂಶದ ಎರಡೂ ಬದಿಗೆ ಹರಡಿರುವುದರಿಂದ ನಗರದ ಉತ್ತರ ಭಾಗ 57 ಜಿ/12 ಹಾಳೆಯಲ್ಲೂ ದಕ್ಷಿಣ ಭಾಗ 57 ಎಚ್/9 ಹಾಳೆಯಲ್ಲೂ ಬರುತ್ತದೆ. ಕಾಗದದಲ್ಲಾದರೆ ಎರಡನ್ನೂ ಅಂಚಿಗೆ ಅಂಚು ಹೊಂದಿಸಿ ಅಂಟಿಸಬೇಕು. ತೆರೆಯ ಮೇಲೆ ಅಂಚೇ ಇಲ್ಲ.

ಕಂಪ್ಯೂಟರಿನಲ್ಲಿ ಭೂಪಟವನ್ನು ಪದರಗಳಾಗಿ ಸಂಗ್ರಹಿಸುವ ಭೌಗೋಳಿಕ ಮಾಹಿತಿ ವ್ಯವಸ್ಥೆ, ಅಂದರೆ ಜಿಐಎಸ್, 1960ರ ದಶಕದಲ್ಲಿ ಕೆನಡಾದಲ್ಲಿ ರೂಪುಗೊಂಡಿತು. ವಿಶಾಲ ದೇಶದ ಭೂಬಳಕೆಯನ್ನು ಲೆಕ್ಕ ಹಾಕಲು ರೋಜರ್ ಟಾಮ್ಲಿನ್‌ಸನ್ ಅದರ ವಿನ್ಯಾಸಕ್ಕೆ ಮುಂದಾದರು. 1972ರಲ್ಲಿ ಅಮೆರಿಕದ ಮೊದಲ ಲ್ಯಾಂಡ್‌ಸ್ಯಾಟ್, 1988ರಲ್ಲಿ ಭಾರತದ ಐಆರ್‌ಎಸ್-1ಎ ಕಕ್ಷೆ ಸೇರಿದವು. ಆದರೂ ಇಂಥ ಉಪಗ್ರಹಗಳ ಚಿತ್ರಗಳೂ ಡಿಜಿಟಲ್ ಭೂಪಟಗಳೂ ಬಹುಕಾಲ ತಜ್ಞರ ಕೈಯಲ್ಲೇ ಉಳಿದವು. 2004ರಲ್ಲಿ ಓಪನ್‌ಸ್ಟ್ರೀಟ್‌ಮ್ಯಾಪ್, 2005ರಲ್ಲಿ ಗೂಗಲ್ ಅರ್ಥ್, 2009ರಲ್ಲಿ ಇಸ್ರೋದ ಭುವನ್ ಬಂದ ಮೇಲೆ ಇವು ಸಾಮಾನ್ಯ ಕಂಪ್ಯೂಟರಿಗೂ ಎಟುಕಿದವು. ಎನ್‌ಸಿಇಆರ್‌ಟಿಯೊಂದಿಗೆ ಸೇರಿ ರೂಪಿಸಿದ ಸ್ಕೂಲ್ ಭುವನ್ ಶಾಲಾ ಪಠ್ಯಕ್ಕೆ ಹೊಂದುವ ಭೂಪಟಗಳನ್ನು ಒದಗಿಸುತ್ತದೆ. 2021ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ಭೂದತ್ತಾಂಶದ ನಿಯಮಗಳನ್ನು ಸಡಿಲಿಸಿದ್ದರಿಂದ ದೇಶದೊಳಗೆ ಭೂಪಟ ತಯಾರಿಸುವವರಿಗೆ ಹಿಂದಿದ್ದ ಪೂರ್ವಾನುಮತಿಯ ತೊಡಕು ಬಹುಪಾಲು ನೀಗಿತು.

ಬಿಂದು, ರೇಖೆ, ಬಹುಭುಜ, ಪಿಕ್ಸೆಲ್

ಡಿಜಿಟಲ್ ಭೂಪಟದ ದತ್ತಾಂಶ ಎರಡು ಬಗೆ. ಮೊದಲನೆಯದು ವೆಕ್ಟರ್. ಇದರಲ್ಲಿ ಬಾವಿ ಒಂದು ಬಿಂದು, ರಸ್ತೆ ಒಂದು ರೇಖೆ, ತಾಲ್ಲೂಕು ಒಂದು ಬಹುಭುಜ. ಪ್ರತಿಯೊಂದಕ್ಕೂ ಒಂದು ಕೋಷ್ಟಕದ ಸಾಲು ಅಂಟಿಕೊಂಡಿರುತ್ತದೆ. ಕೆರೆಯ ಬಹುಭುಜವನ್ನು ಒತ್ತಿದರೆ ಅದರ ಹೆಸರು, ವಿಸ್ತೀರ್ಣ, ಗ್ರಾಮಗಳು ತೆರೆಯಲ್ಲಿ ಮೂಡುತ್ತವೆ. ಎರಡನೆಯದು ರಾಸ್ಟರ್. ಇದು ಸಣ್ಣ ಚೌಕಗಳ ಜಾಲ. ಉಪಗ್ರಹ ಚಿತ್ರ, ಎತ್ತರದ ಮಾದರಿ, ಮಳೆಯ ಹಂಚಿಕೆ ಈ ರೂಪದಲ್ಲಿರುತ್ತವೆ. ಪ್ರತಿ ಚೌಕಕ್ಕೂ, ಅಂದರೆ ಪಿಕ್ಸೆಲ್‌ಗೂ, ಒಂದು ಬೆಲೆ.

ಪಿಕ್ಸೆಲ್ ಎಷ್ಟು ನೆಲವನ್ನು ಒಳಗೊಳ್ಳುತ್ತದೆ ಎಂಬುದನ್ನು ಹಳ್ಳಿಯ ಮಕ್ಕಳಿಗೆ ಗುಂಟೆಯಲ್ಲಿ ಹೇಳಬಹುದು. ಒಂದು ಗುಂಟೆ ಸುಮಾರು 101 ಚದರ ಮೀಟರು. ಯುರೋಪಿನ ಸೆಂಟಿನೆಲ್-2 ಉಪಗ್ರಹದ ಅತಿ ಸೂಕ್ಷ್ಮ ಪಟ್ಟಿಗಳಲ್ಲಿ ಒಂದು ಪಿಕ್ಸೆಲ್ 10 ಮೀಟರಿಗೆ 10 ಮೀಟರು, ಅಂದರೆ ಹೆಚ್ಚುಕಡಿಮೆ ಒಂದು ಗುಂಟೆ. ಲ್ಯಾಂಡ್‌ಸ್ಯಾಟಿನ 30 ಮೀಟರಿನ ಪಿಕ್ಸೆಲ್ ಸುಮಾರು ಒಂಬತ್ತು ಗುಂಟೆ. ಭಾರತದ ರಿಸೋರ್ಸ್‌ಸ್ಯಾಟಿನಲ್ಲಿರುವ ಲಿಸ್-3 ಕ್ಯಾಮೆರಾದ 23.5 ಮೀಟರಿನ ಪಿಕ್ಸೆಲ್ ಐದೂವರೆ ಗುಂಟೆ. ಒಂದು ಎಕರೆ ಹೊಲ ಸೆಂಟಿನೆಲ್ ಚಿತ್ರದಲ್ಲಿ ನಲವತ್ತು ಪಿಕ್ಸೆಲ್ ಆದರೆ ಲಿಸ್-3 ಚಿತ್ರದಲ್ಲಿ ಏಳೆಂಟು. ಯಾವ ಚಿತ್ರದಿಂದ ಬೆಳೆಯನ್ನು ಗುರುತಿಸಬಹುದು, ಯಾವುದರಿಂದ ಜಿಲ್ಲೆಯ ಕಾಡನ್ನು ಅಳೆಯುವುದು ಸೂಕ್ತ ಎಂಬ ತೀರ್ಮಾನ ಈ ಲೆಕ್ಕದಿಂದಲೇ ಹೊರಡುತ್ತದೆ.

ಪ್ರಮಾಣ ಮತ್ತು ಪ್ರಕ್ಷೇಪಣೆ

1:50,000 ಪ್ರಮಾಣದ ಟೋಪೋಶೀಟಿನಲ್ಲಿ ಎರಡು ಸೆಂಟಿಮೀಟರು ಎಂದರೆ ನೆಲದ ಮೇಲೆ ಒಂದು ಕಿಲೋಮೀಟರು. ಈ ಅನುಪಾತ ಹಾಳೆಯ ಮೇಲೆ ಬದಲಾಗದು. ತೆರೆಯ ಭೂಪಟದಲ್ಲಿ ಬೆರಳಾಡಿಸಿದಂತೆಲ್ಲ ಪ್ರಮಾಣ ಬದಲಾಗುತ್ತದೆ. ಅಂತರ್ಜಾಲದ ಬಹುತೇಕ ಭೂಪಟಗಳಲ್ಲಿ ಇಡೀ ಜಗತ್ತು ಮೊದಲ ಹಂತದಲ್ಲಿ 256 ಪಿಕ್ಸೆಲ್ ಬದಿಯ ಒಂದೇ ಚೌಕ. ಮುಂದಿನ ಹಂತದಲ್ಲಿ ಅದು ನಾಲ್ಕು ಚೌಕ, ಆಮೇಲೆ ಹದಿನಾರು. ಹತ್ತಿರ ಹೋದಂತೆ ವಿವರ ಹೆಚ್ಚುತ್ತದೆ ಎಂದು ಮಕ್ಕಳು ಸಹಜವಾಗಿ ಭಾವಿಸುತ್ತಾರೆ. ನಿಜದಲ್ಲಿ 1:50,000 ಪ್ರಮಾಣದಲ್ಲಿ ಎಳೆದ ನದಿಯ ಗೆರೆಯನ್ನು ಎಷ್ಟೇ ಹಿಗ್ಗಿಸಿದರೂ ಹೊಸ ತಿರುವು ಕಾಣಿಸದು, ಗೆರೆಯ ತಪ್ಪು ಮಾತ್ರ ದೊಡ್ಡದಾಗುತ್ತದೆ. ಇದನ್ನು ಮನಗಾಣಿಸಲು ಒಂದೇ ನದಿಯ ಗೆರೆಯನ್ನು ಉಪಗ್ರಹ ಚಿತ್ರದ ಮೇಲಿರಿಸಿ ಹಿಗ್ಗಿಸಿ ತೋರಿಸಿದರೆ ಸಾಕು. ಗೆರೆ ದಡ ಬಿಟ್ಟು ಗದ್ದೆಯಲ್ಲಿ ಹರಿಯುವುದು ಕಾಣುತ್ತದೆ.

ಪ್ರಕ್ಷೇಪಣೆ ಇನ್ನೂ ಕಠಿಣ ವಿಷಯ. ಚಕ್ಕೋತದ ಸಿಪ್ಪೆಯನ್ನು ಹರಿಯದೆ, ಎಳೆಯದೆ ಚಪ್ಪಟೆ ಮಾಡಲಾಗದಂತೆ ಗೋಳವನ್ನು ವಿರೂಪವಿಲ್ಲದೆ ಹಾಳೆಗಿಳಿಸಲು ಆಗದು. ಮರ್ಕೇಟರ್ 1569ರಲ್ಲಿ ನಾವಿಕರಿಗಾಗಿ ರೂಪಿಸಿದ ಪ್ರಕ್ಷೇಪಣೆ ದಿಕ್ಕಿನ ಕೋನಗಳನ್ನು ಕಾಪಾಡುತ್ತದೆ, ವಿಸ್ತೀರ್ಣವನ್ನು ಬಲಿಗೊಡುತ್ತದೆ. ಸಮಭಾಜಕದಿಂದ 60 ಡಿಗ್ರಿ ದೂರದಲ್ಲಿ ಉದ್ದಗಳು ಎರಡು ಪಟ್ಟು, ವಿಸ್ತೀರ್ಣ ನಾಲ್ಕು ಪಟ್ಟು ಹಿಗ್ಗುತ್ತದೆ. ಅಂತರ್ಜಾಲದ ಭೂಪಟಗಳಲ್ಲಿ ಹೆಚ್ಚಿನವು ಇದೇ ಕುಟುಂಬಕ್ಕೆ ಸೇರಿವೆ. ಅವುಗಳಲ್ಲಿ ಗ್ರೀನ್‌ಲ್ಯಾಂಡ್ ಭಾರತಕ್ಕಿಂತ ಹಲವು ಪಟ್ಟು ದೊಡ್ಡದಾಗಿ ಕಾಣುತ್ತದೆ. ವಾಸ್ತವದಲ್ಲಿ ಗ್ರೀನ್‌ಲ್ಯಾಂಡ್ ಸುಮಾರು 21.7 ಲಕ್ಷ ಚದರ ಕಿಲೋಮೀಟರು, ಭಾರತ 32.87 ಲಕ್ಷ. ಆಫ್ರಿಕಾ ಖಂಡ ಗ್ರೀನ್‌ಲ್ಯಾಂಡಿನ ಹದಿನಾಲ್ಕು ಪಟ್ಟು. ಚಪ್ಪಟೆ ಭೂಪಟವನ್ನೂ ಗೂಗಲ್ ಅರ್ಥ್‌ನ ಗೋಳವನ್ನೂ ಅಕ್ಕಪಕ್ಕ ತೆರೆದು, ವಿಸ್ತೀರ್ಣ ಅಳೆಯುವ ಸಾಧನದಿಂದ ಎರಡೂ ದೇಶಗಳನ್ನು ಅಳೆಸಿದರೆ ಪಠ್ಯದ ಎರಡು ಪುಟದ ವಿವರಣೆ ಅರ್ಧ ಪೀರಿಯಡ್ಡಿನಲ್ಲಿ ಮುಗಿಯುತ್ತದೆ.

ಕೆಂಪು ಗದ್ದೆ, ಕಪ್ಪು ಕೆರೆ

ಉಪಗ್ರಹ ಚಿತ್ರ ಎತ್ತರದಿಂದ ತೆಗೆದ ಫೋಟೋದಂತೆ ಕಂಡರೂ ಅದನ್ನು ಓದುವುದಕ್ಕೆ ಕಲಿಯಬೇಕು. ಉಪಗ್ರಹದ ಕ್ಯಾಮೆರಾ ಕಣ್ಣಿಗೆ ಕಾಣುವ ಬೆಳಕಿನ ಜೊತೆಗೆ ಅವಗೆಂಪು ಕಿರಣವನ್ನೂ ದಾಖಲಿಸುತ್ತದೆ. ಹಸಿರೆಲೆ ಕೆಂಪು ಬೆಳಕನ್ನು ಹೀರಿಕೊಂಡು, ತನ್ನೊಳಗಿನ ಜೀವಕೋಶಗಳ ರಚನೆಯಿಂದಾಗಿ ಸಮೀಪದ ಅವಗೆಂಪನ್ನು ಬಲವಾಗಿ ಹೊರಚೆಲ್ಲುತ್ತದೆ. ನೀರು ಅದನ್ನು ಹೀರಿಬಿಡುತ್ತದೆ. ಅವಗೆಂಪಿನ ಬೆಲೆಗೆ ತೆರೆಯ ಕೆಂಪು ಬಣ್ಣವನ್ನು ಕೊಟ್ಟರೆ ಹುಸಿಬಣ್ಣದ ಚಿತ್ರ ಸಿಗುತ್ತದೆ. ಅದರಲ್ಲಿ ಸೊಂಪಾದ ಬೆಳೆ ಮತ್ತು ಕಾಡು ಕಡುಗೆಂಪು, ತಿಳಿನೀರು ಕಪ್ಪು, ಕಟ್ಟಡಗಳ ಊರು ನೀಲಿಬೂದು, ಬರಡು ನೆಲ ತಿಳಿ ಬಣ್ಣ.

ಮಂಡ್ಯ ಜಿಲ್ಲೆಯ ಬೇಸಿಗೆ ಚಿತ್ರ ಇದಕ್ಕೆ ಒಳ್ಳೆಯ ಉದಾಹರಣೆ. ಕೃಷ್ಣರಾಜಸಾಗರದಿಂದ ಹೊರಡುವ ವಿಶ್ವೇಶ್ವರಯ್ಯ ನಾಲೆಯ ಅಚ್ಚುಕಟ್ಟಿನಲ್ಲಿ ಕಬ್ಬು, ಭತ್ತದ ನೆಲ ಕೆಂಪಾಗಿ ಹರಡಿರುತ್ತದೆ. ನಾಲೆಯ ನೀರು ಏರದ ಎತ್ತರದ ನೆಲ ಬೇಸಿಗೆಯಲ್ಲಿ ಮಂಕಾಗಿರುತ್ತದೆ. ನಾಲೆಯ ಗೆರೆ ತೆಳುವಾಗಿ ಕಂಡರೂ ಅದು ಎಲ್ಲಿ ಸಾಗುತ್ತದೆ ಎಂಬುದನ್ನು ಕೆಂಪಿನ ಅಂಚೇ ಹೇಳುತ್ತದೆ. ಅದೇ ಜಾಗದ ನವೆಂಬರ್ ಚಿತ್ರವನ್ನು ಪಕ್ಕದಲ್ಲಿಟ್ಟರೆ ಮಳೆಯಾಶ್ರಿತ ಹೊಲಗಳೂ ಕೆಂಪೇರಿರುವುದು ಕಂಡು, ಮುಂಗಾರು-ಹಿಂಗಾರುಗಳ ಪಾಠ ನೀರಾವರಿಯ ಪಾಠಕ್ಕೆ ಸೇರಿಕೊಳ್ಳುತ್ತದೆ. ಚಿತ್ರದ ತಾರೀಖನ್ನು ಮೊದಲು ಓದಬೇಕು ಎಂಬ ಶಿಸ್ತೂ ಇಲ್ಲಿಯೇ ಬರುತ್ತದೆ. ತಾರೀಖಿಲ್ಲದ ಚಿತ್ರದಲ್ಲಿ ಒಣಗಿದ ಕೆರೆ ಬರಗಾಲದ್ದೋ ಏಪ್ರಿಲ್ ತಿಂಗಳದ್ದೋ ತಿಳಿಯದು.

ಎತ್ತರದ ಮಾದರಿ ಮತ್ತು ಮಳೆಯ ನೆರಳು

ಸಮೋನ್ನತಿ ರೇಖೆ ಪ್ರೌಢಶಾಲೆಯ ಮಕ್ಕಳಿಗೆ ಕಷ್ಟವೆನಿಸುವ ವಿಷಯಗಳಲ್ಲೊಂದು. ಚಪ್ಪಟೆ ಹಾಳೆಯ ಮೇಲಿನ ವಕ್ರರೇಖೆಗಳನ್ನು ನೋಡಿ ಬೆಟ್ಟವನ್ನು ಮನಸ್ಸಿನಲ್ಲಿ ಎಬ್ಬಿಸಬೇಕಾಗುತ್ತದೆ. 2000ದ ಫೆಬ್ರುವರಿಯಲ್ಲಿ ಎಂಡೆವರ್ ಬಾಹ್ಯಾಕಾಶ ನೌಕೆ ಹನ್ನೊಂದು ದಿನ ರಾಡಾರಿನಿಂದ ಭೂಮಿಯ ಸುಮಾರು ಶೇ. 80 ನೆಲವನ್ನು ಅಳೆದು ಎತ್ತರದ ಮಾದರಿಯೊಂದನ್ನು ಒದಗಿಸಿತು. ಭಾರತದ ಕಾರ್ಟೊಸ್ಯಾಟ್-1 ಉಪಗ್ರಹದ ಜೋಡಿ ಚಿತ್ರಗಳಿಂದಲೂ ಇಂಥ ಮಾದರಿ ಸಿದ್ಧವಾಗಿದೆ. ಇವುಗಳಲ್ಲಿ ಪ್ರತಿ ಪಿಕ್ಸೆಲಿನ ಬೆಲೆ ಆ ನೆಲದ ಎತ್ತರ. ಇದೇ ಮಾದರಿಯಿಂದ ಸಮೋನ್ನತಿ ರೇಖೆಗಳನ್ನು ಎಳೆಯಬಹುದು, ಮೂರು ಆಯಾಮದ ನೋಟವನ್ನೂ ಪಡೆಯಬಹುದು. ಎರಡನ್ನೂ ಒಟ್ಟಿಗೆ ತೋರಿಸಿ ಬೆಟ್ಟವನ್ನು ತಿರುಗಿಸಿದಾಗ, ರೇಖೆಗಳು ಒತ್ತಾಗಿರುವಲ್ಲಿ ಇಳಿಜಾರು ಕಡಿದಾಗಿರುವುದು ಕಣ್ಣಿಗೇ ಕಾಣುತ್ತದೆ.

ಒಂಬತ್ತನೇ ತರಗತಿಯ ಕರ್ನಾಟಕದ ಪ್ರಾಕೃತಿಕ ವಿಭಾಗಗಳ ಪಾಠಕ್ಕೆ ಅಡ್ಡಸೀಳು ಚಿತ್ರ ಒಳ್ಳೆಯ ಚಟುವಟಿಕೆ. ಮಲ್ಪೆಯ ಕಡಲತೀರದಿಂದ ಆಗುಂಬೆಯ ಆಸುಪಾಸಿನಲ್ಲಿ ಘಟ್ಟ ಹತ್ತಿ ಚಳ್ಳಕೆರೆಗೆ ಒಂದು ನೇರ ರೇಖೆ ಎಳೆದರೆ ಉದ್ದ ಸುಮಾರು 235 ಕಿಲೋಮೀಟರು. ಮೊದಲ ನಲವತ್ತು ಕಿಲೋಮೀಟರಿನಲ್ಲಿ ನೆಲ ನಿಧಾನವಾಗಿ ಏರುತ್ತ ಕೊನೆಗೆ ಒಮ್ಮೆಲೇ ಗೋಡೆಯಂತೆ 650 ಮೀಟರಿನ ಸುತ್ತಮುತ್ತ ತಲುಪುತ್ತದೆ. ಆಮೇಲೆ ಅಷ್ಟೇ ಕಡಿದಾದ ಇಳಿತವಿಲ್ಲ. ನೆಲ ಏರಿಳಿಯುತ್ತ ಬಯಲಾಗಿ ಮುಂದುವರಿಯುತ್ತದೆ. ಪಶ್ಚಿಮ ಘಟ್ಟ ಎಂಬುದು ಎರಡು ಕಡೆಗೂ ಇಳಿಯುವ ಬೆಟ್ಟದ ಸಾಲು ಎಂಬ ಸಾಮಾನ್ಯ ತಪ್ಪು ಕಲ್ಪನೆ ಈ ಒಂದು ಚಿತ್ರದಿಂದ ಸರಿಹೋಗುತ್ತದೆ. ಅದು ಪ್ರಸ್ಥಭೂಮಿಯ ಪಶ್ಚಿಮದ ಅಂಚು.

ಇದೇ ಚಿತ್ರ ಗಣಿತದ ಒಂದು ಪ್ರಶ್ನೆಯನ್ನೂ ಎಬ್ಬಿಸುತ್ತದೆ. ಒಂದು ಸೆಂಟಿಮೀಟರಿಗೆ ಹತ್ತು ಕಿಲೋಮೀಟರಿನಂತೆ ಬರೆದರೆ ರೇಖೆ 23.5 ಸೆಂಟಿಮೀಟರು ಉದ್ದವಾಗುತ್ತದೆ, 650 ಮೀಟರಿನ ಘಟ್ಟ ಒಂದು ಮಿಲಿಮೀಟರಿಗಿಂತ ಕಡಿಮೆ. ಎತ್ತರವನ್ನು ಐವತ್ತು ಪಟ್ಟು ಹಿಗ್ಗಿಸಿದರೆ ಮಾತ್ರ ಅದು ಮೂರು ಸೆಂಟಿಮೀಟರು ದಾಟುತ್ತದೆ. ತೆರೆಯ ಮೇಲಿನ ಭವ್ಯ ಬೆಟ್ಟಗಳ ಹಿಂದೆ ಇಂಥ ಹಿಗ್ಗಿಸುವಿಕೆ ಇರುತ್ತದೆ ಎಂದು ಮಕ್ಕಳು ಲೆಕ್ಕದಿಂದಲೇ ಅರಿಯುತ್ತಾರೆ.

ಮುಂದಿನ ಹೆಜ್ಜೆ ಮಳೆಯ ಪದರ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರು ಮೀರುವ ಮಳೆ, ಚಳ್ಳಕೆರೆಯ ಕಡೆ 500 ಮಿಲಿಮೀಟರಿನ ಆಸುಪಾಸು. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಹೋಬಳಿ ಮಟ್ಟದ ಮಳೆಯ ಅಂಕಿಅಂಶವನ್ನು ಪ್ರಕಟಿಸುತ್ತದೆ. ಅಡ್ಡಸೀಳಿನ ಹಾದಿಯಲ್ಲಿ ಬರುವ ಹೋಬಳಿಗಳ ಜುಲೈ ತಿಂಗಳ ಮಳೆಯನ್ನು ಅದೇ ಚಿತ್ರದ ಮೇಲೆ ಕಂಬಗಳಾಗಿ ನಿಲ್ಲಿಸಿದರೆ ಎತ್ತರದ ಗೆರೆಗೂ ಮಳೆಯ ಕಂಬಗಳಿಗೂ ಇರುವ ನಂಟು ತಾನಾಗಿ ಎದ್ದು ಕಾಣುತ್ತದೆ. ಅರಬ್ಬಿ ಸಮುದ್ರದ ತೇವದ ಗಾಳಿ ಘಟ್ಟಕ್ಕೆ ತಾಗಿ ಮೇಲೇರಿ, ತಂಪಾಗಿ ಮಳೆ ಸುರಿಸುವ ಪ್ರಕ್ರಿಯೆಯನ್ನು ಅನಂತರ ವಿವರಿಸಿದರೆ ಅದು ಮಕ್ಕಳೇ ಕಂಡ ಸಂಗತಿಗೆ ಕಾರಣವಾಗಿ ಒದಗುತ್ತದೆ.

ಪದರದ ಮೇಲೆ ಪದರ

ಜಿಐಎಸ್‌ನ ತಿರುಳು ಪದರಗಳ ಹೋಲಿಕೆ. ಉತ್ತರ ಕರ್ನಾಟಕದ ಶಿಲೆಗಳ ಪದರದ ಮೇಲೆ ಮಣ್ಣಿನ ಪದರವನ್ನು ಇರಿಸಿದರೆ, ವಿಜಯಪುರ, ಕಲಬುರಗಿ, ಬೆಳಗಾವಿಯ ಉತ್ತರ ಭಾಗಗಳಲ್ಲಿ ದಖನ್ನಿನ ಬಸಾಲ್ಟ್ ಶಿಲೆಯೂ ಕಪ್ಪುಮಣ್ಣೂ ಬಹುಮಟ್ಟಿಗೆ ಹೊಂದಿಕೊಳ್ಳುತ್ತವೆ. ಹೊಂದದ ಜಾಗಗಳು ಇನ್ನೂ ಹೆಚ್ಚು ಕಲಿಸುತ್ತವೆ. ಬೀದರ್ ಪಟ್ಟಣದ ಸುತ್ತ ಬಸಾಲ್ಟಿನ ಮೇಲೆ ಜಂಬಿಟ್ಟಿಗೆಯ ಕೆಂಪು ಹೊದಿಕೆ ಇದೆ. ಗದಗ, ಬಳ್ಳಾರಿಗಳಲ್ಲಿ ಬಸಾಲ್ಟ್ ಇಲ್ಲದ ಕಡೆಯೂ ಕಪ್ಪುಮಣ್ಣು ಸಿಗುತ್ತದೆ. ಮಣ್ಣು ರೂಪುಗೊಳ್ಳಲು ಮೂಲಶಿಲೆಯ ಜೊತೆಗೆ ವಾಯುಗುಣ, ನೆಲದ ಇಳಿಜಾರು, ನೀರಿನ ಬಸಿತ, ಕಾಲ ಇವೂ ಕಾರಣ ಎಂಬ ಮಾತಿಗೆ ಇಲ್ಲಿ ಸಾಕ್ಷ್ಯ ದೊರೆಯುತ್ತದೆ.

ಕೈಗಾರಿಕೆಗಳ ಪಾಠಕ್ಕೂ ಇದೇ ದಾರಿ. ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಆರಂಭಿಸಿದಾಗ ಕಲ್ಲಿದ್ದಲಿನ ಗಣಿ ಹತ್ತಿರದಲ್ಲಿ ಇರಲಿಲ್ಲ. ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಕಾಡಿನ ಸೌದೆಯಿಂದ ಮಾಡಿದ ಇದ್ದಿಲು, ಭದ್ರಾ ನದಿಯ ನೀರು ಈ ಮೂರೂ ಒಂದೆಡೆ ಸೇರುವ ಜಾಗ ಅದಾಗಿತ್ತು. ಗಣಿ, ಕಾಡು, ನದಿ, ರೈಲುದಾರಿಗಳ ನಾಲ್ಕು ಪದರಗಳನ್ನು ಕೊಟ್ಟು, ಕಾರ್ಖಾನೆಯನ್ನು ಗುರುತಿಸದೆ ಬಿಟ್ಟು, ಅದು ಎಲ್ಲಿರಬೇಕು ಎಂದು ಕೇಳಬಹುದು. ಅದೇ ಪದರಗಳಿಂದ ತೋರಣಗಲ್ಲಿನ ಉಕ್ಕಿನ ಸ್ಥಾವರವನ್ನು ಪರಿಶೀಲಿಸಿದರೆ ಕಾಡಿನ ಪದರ ಅಪ್ರಸ್ತುತವಾಗಿ, ಸಂಡೂರಿನ ಅದಿರು ಮತ್ತು ರೈಲುದಾರಿ ಮುಖ್ಯವಾಗುತ್ತವೆ. ಇದ್ದಿಲಿನ ಕಾಲ ಮುಗಿದು ದೂರದ ಕಲ್ಲಿದ್ದಲಿನ ಕಾಲ ಬಂದದ್ದು ಎರಡು ಭೂಪಟಗಳ ವ್ಯತ್ಯಾಸದಲ್ಲಿ ಕಾಣಿಸುತ್ತದೆ.

ಕಾಲದ ಪದರವೂ ಇದೆ. ಗೂಗಲ್ ಅರ್ಥ್‌ನ ಟೈಮ್‌ಲ್ಯಾಪ್ಸ್ 1984ರಿಂದ ಈಚಿನ ಉಪಗ್ರಹ ಚಿತ್ರಗಳನ್ನು ವರ್ಷವಾರು ಜೋಡಿಸಿ ತೋರಿಸುತ್ತದೆ. ಬೆಂಗಳೂರು ಬೆಳೆದ ಬಗೆಯನ್ನು ಅದರಲ್ಲಿ ನೋಡಿ, ಅನಂತರ ಎತ್ತರದ ಪದರ ಹಾಕಿದರೆ ನಗರ ಒಂದು ದಿಣ್ಣೆಯ ಮೇಲಿರುವುದು ತಿಳಿಯುತ್ತದೆ. ಪಶ್ಚಿಮಕ್ಕೆ ಬಿದ್ದ ಮಳೆನೀರು ವೃಷಭಾವತಿಯ ಮೂಲಕ ಅರ್ಕಾವತಿಗೆ, ಅಲ್ಲಿಂದ ಕಾವೇರಿಗೆ ಸೇರುತ್ತದೆ. ಹೆಬ್ಬಾಳ ಮತ್ತು ಕೋರಮಂಗಲ-ಚಲ್ಲಘಟ್ಟ ಕಣಿವೆಗಳ ನೀರು ದಕ್ಷಿಣ ಪಿನಾಕಿನಿಯತ್ತ ಹರಿಯುತ್ತದೆ. ಈ ಕಣಿವೆಗಳಲ್ಲಿ ಕೆರೆಗಳು ಸರಪಳಿಯಾಗಿವೆ. ಮೇಲಿನ ಕೆರೆ ಕೋಡಿ ಬಿದ್ದರೆ ನೀರು ರಾಜಕಾಲುವೆಯ ಮೂಲಕ ಕೆಳಗಿನದಕ್ಕೆ ಇಳಿಯಬೇಕು. ಮೆಜೆಸ್ಟಿಕ್ ಬಸ್ ನಿಲ್ದಾಣ ಧರ್ಮಾಂಬುಧಿ ಕೆರೆಯ ಜಾಗದಲ್ಲೂ ಕಂಠೀರವ ಕ್ರೀಡಾಂಗಣ ಸಂಪಂಗಿ ಕೆರೆಯ ಜಾಗದಲ್ಲೂ ಇವೆ. ಹಳೆಯ ಟೋಪೋಶೀಟನ್ನು ಇಂದಿನ ಚಿತ್ರದ ಮೇಲೆ ಹೊಂದಿಸಿ, ಕಣ್ಮರೆಯಾದ ಕೆರೆಗಳನ್ನೂ ಕಾಲುವೆಗಳನ್ನೂ ಗುರುತಿಸಿದರೆ 2022ರ ಸೆಪ್ಟೆಂಬರಿನಲ್ಲಿ ಬೆಳ್ಳಂದೂರು ಮತ್ತು ಹೊರವರ್ತುಲ ರಸ್ತೆಯ ಕಡೆ ನೀರು ನಿಂತದ್ದಕ್ಕೆ ಮಳೆಯೊಂದೇ ಕಾರಣವಲ್ಲವೆಂದು ಹತ್ತನೇ ತರಗತಿಯವರೂ ತರ್ಕಿಸಬಲ್ಲರು.

ಶಾಲೆಯ ಹೊರಗೆ ಅಳತೆ

ಇತರರು ಸಂಗ್ರಹಿಸಿದ ಪದರಗಳನ್ನು ನೋಡುವುದು ಅರ್ಧ ಕಲಿಕೆ. ಇನ್ನರ್ಧ ತಾನೇ ಒಂದು ಪದರ ತಯಾರಿಸುವುದು. ಇದಕ್ಕೆ ಒಂದು ಮೊಬೈಲ್ ಸಾಕು. ಮೊಬೈಲಿನ ಗ್ರಾಹಕ ಜಿಪಿಎಸ್ ಮೊದಲಾದ ಉಪಗ್ರಹಗಳ ಸಂಕೇತ ತಲುಪಲು ಹಿಡಿದ ಕಾಲದಿಂದ ದೂರವನ್ನು ಲೆಕ್ಕ ಹಾಕುತ್ತದೆ. ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿಲೋಮೀಟರು ಎತ್ತರದಲ್ಲಿ ಸುತ್ತುತ್ತವೆ. ಭಾರತದ್ದೇ ಆದ ನಾವಿಕ್ ವ್ಯವಸ್ಥೆಯೂ ಇದೇ ತತ್ವದ್ದು. ಕಾಲದ ಲೆಕ್ಕದಲ್ಲಿ ಒಂದು ಮೈಕ್ರೋಸೆಕೆಂಡ್ ತಪ್ಪಿದರೆ ದೂರ 300 ಮೀಟರು ತಪ್ಪುತ್ತದೆ. ಅಕ್ಷಾಂಶ, ರೇಖಾಂಶ, ಎತ್ತರಗಳ ಜೊತೆಗೆ ಗ್ರಾಹಕದ ಗಡಿಯಾರದ ತಪ್ಪನ್ನೂ ಕಂಡುಹಿಡಿಯಬೇಕಾದ್ದರಿಂದ ಕನಿಷ್ಠ ನಾಲ್ಕು ಉಪಗ್ರಹ ಬೇಕು. ತೆರೆದ ಬಯಲಿನಲ್ಲಿ ಸಾಮಾನ್ಯ ಮೊಬೈಲ್ ಐದಾರು ಮೀಟರಿನೊಳಗೆ ಸ್ಥಾನ ಹೇಳುತ್ತದೆ. ಕಟ್ಟಡಗಳ ನಡುವೆ, ದಟ್ಟ ಅಡಿಕೆ ತೋಟದೊಳಗೆ ಈ ತಪ್ಪು ಹೆಚ್ಚುತ್ತದೆ. ಅಕ್ಷಾಂಶದ ಒಂದು ಡಿಗ್ರಿ ಸುಮಾರು 111 ಕಿಲೋಮೀಟರು. ಆದ್ದರಿಂದ ದಶಾಂಶದ ನಾಲ್ಕನೇ ಸ್ಥಾನ 11 ಮೀಟರು, ಐದನೇ ಸ್ಥಾನ ಒಂದು ಮೀಟರು. ಮೊಬೈಲ್ ತೋರಿಸುವ ಆರೇಳು ದಶಾಂಶ ಸ್ಥಾನಗಳಲ್ಲಿ ನಂಬತಕ್ಕವು ಎಷ್ಟೆಂದು ಇದರಿಂದ ನಿರ್ಧರಿಸಬಹುದು.

ಚಟುವಟಿಕೆ ಒಂದು ಪ್ರಶ್ನೆಯಿಂದ ಹೊರಡಬೇಕು. ಊರಿನ ಕೊಳವೆಬಾವಿಗಳಲ್ಲಿ ಬತ್ತಿದವು ಎಲ್ಲಿವೆ, ಕೆರೆಯ ಅಂಗಳಕ್ಕೆ ಎಷ್ಟು ದೂರದಲ್ಲಿವೆ ಎಂಬುದು ಅಂಥ ಪ್ರಶ್ನೆ. ಮಕ್ಕಳು ಗುಂಪಾಗಿ ಹೋಗಿ ಪ್ರತಿ ಕೊಳವೆಬಾವಿಯ ಸ್ಥಾನ, ಆಳ, ಕೊರೆದ ವರ್ಷ, ನೀರಿನ ಸ್ಥಿತಿಯನ್ನು ಒಂದು ಕೋಷ್ಟಕದಲ್ಲಿ ಬರೆಯುತ್ತಾರೆ. ಆ ಕೋಷ್ಟಕವನ್ನು ಉಚಿತವಾಗಿ ಸಿಗುವ ಕ್ಯೂಜಿಐಎಸ್ ತಂತ್ರಾಂಶಕ್ಕೆ ಸೇರಿಸಿದರೆ ಬಿಂದುಗಳು ಮೂಡುತ್ತವೆ. ಕೆರೆಯ ಸುತ್ತ 500 ಮೀಟರಿನ ವಲಯ ಎಳೆದು ಒಳಗಿನವನ್ನೂ ಹೊರಗಿನವನ್ನೂ ಎಣಿಸಬಹುದು. 2000ರ ದಶಕದ ಮೊದಲ ವರ್ಷಗಳಲ್ಲಿ ಇಂದಿನ ಉತ್ತರಾಖಂಡದ ಅಲ್ಮೋರಾ ಜಿಲ್ಲೆಯ ಶಾಲಾ ಮಕ್ಕಳು ಕೈಗಣಕಗಳನ್ನು ಹಿಡಿದು ತಮ್ಮ ಸುತ್ತಲಿನ ಹಳ್ಳಿಗಳ ಭೂಪಟ ತಯಾರಿಸಿದ್ದರು. ಆಗ ವಿಶೇಷ ಉಪಕರಣ ಬೇಕಾಗಿದ್ದ ಕೆಲಸ ಈಗ ಮನೆಯ ಮೊಬೈಲಿನಲ್ಲಿ ಆಗುತ್ತದೆ.

ಸರ್ವೆ ನಂಬರು, ಗ್ರಾಮನಕ್ಷೆ, ಪಹಣಿ ರೈತರ ಮನೆಯ ಮಕ್ಕಳಿಗೆ ಹೊಸ ಪದಗಳಲ್ಲ. ಕರ್ನಾಟಕ ರಾಜ್ಯ ದೂರ ಸಂವೇದಿ ಅನ್ವಯಿಕ ಕೇಂದ್ರದ ಕೆಲಸದಿಂದ ರೂಪುಗೊಂಡ ದಿಶಾಂಕ್ ಆ್ಯಪ್ ನಿಂತ ಜಾಗದ ಸರ್ವೆ ನಂಬರನ್ನು ತೋರಿಸುತ್ತದೆ. ಅದರ ಗಡಿಗೆರೆಗಳನ್ನು ಹೊಲದ ಬದುವಿನೊಂದಿಗೆ ಹೋಲಿಸಿದಾಗ ಕೆಲವೆಡೆ ಕೆಲವು ಮೀಟರು ಆಚೀಚೆಯಾಗುವುದು ಕಾಣಬಹುದು. ಹಳೆಯ ಗ್ರಾಮನಕ್ಷೆಯನ್ನು ಉಪಗ್ರಹ ಚಿತ್ರಕ್ಕೆ ಹೊಂದಿಸುವಾಗ ಉಳಿಯುವ ತಪ್ಪು, ಮೊಬೈಲಿನ ಸ್ಥಾನದ ತಪ್ಪು ಇವೆರಡೂ ಅಲ್ಲಿ ಕೂಡಿರುತ್ತವೆ. ಇಂಥ ಆ್ಯಪ್ ಮಾಹಿತಿಗೆ ಸರಿ, ಗಡಿ ತಕರಾರಿಗೆ ಸರ್ವೆಯವರ ಅಳತೆಯೇ ಬೇಕು ಎಂಬ ವಿವೇಕವೂ ಭೂಗೋಳದ ಪಾಠವೇ.

ಅಂಕಿಯನ್ನು ಬಣ್ಣವಾಗಿಸುವಾಗ

ಜನಸಂಖ್ಯೆ, ಸಾಕ್ಷರತೆಗಳನ್ನು ಜಿಲ್ಲೆಗಳಿಗೆ ಬಣ್ಣ ತುಂಬಿ ತೋರಿಸುವ ಭೂಪಟ ಸುಲಭವಾಗಿ ತಯಾರಾಗುತ್ತದೆ, ಅಷ್ಟೇ ಸುಲಭವಾಗಿ ತಪ್ಪು ಹೇಳುತ್ತದೆ. 2011ರ ಜನಗಣತಿಯಲ್ಲಿ ಬೆಳಗಾವಿ ರಾಜ್ಯದ ಎರಡನೇ ಅತಿ ಹೆಚ್ಚು ಜನರಿರುವ ಜಿಲ್ಲೆ. ಒಟ್ಟು ಸಂಖ್ಯೆಗೆ ಬಣ್ಣ ತುಂಬಿದರೆ ಅದು ಕಡುಬಣ್ಣದಲ್ಲಿ ಎದ್ದು ಕಾಣುತ್ತದೆ. ಜನಸಾಂದ್ರತೆಗೆ ಬಣ್ಣ ತುಂಬಿದರೆ ಚದರ ಕಿಲೋಮೀಟರಿಗೆ 356 ಜನರ ಬೆಳಗಾವಿ ರಾಜ್ಯದ ಸರಾಸರಿ 319ಕ್ಕೆ ಸಮೀಪವಾಗುತ್ತದೆ. ಬೆಂಗಳೂರು ನಗರ ಜಿಲ್ಲೆ 4,300 ದಾಟಿ ಒಂಟಿಯಾಗಿ ನಿಲ್ಲುತ್ತದೆ, ಕೊಡಗು 135ರಲ್ಲಿ ತಿಳಿಯಾಗುತ್ತದೆ. ಈ ಅಂಕಿಗಳನ್ನು ಸಮಾನ ಅಂತರದ ನಾಲ್ಕು ವರ್ಗ ಮಾಡಿದರೆ ಬೆಂಗಳೂರೊಂದೇ ಕೊನೆಯ ವರ್ಗಕ್ಕೆ ಹೋಗಿ ಉಳಿದೆಲ್ಲ ಜಿಲ್ಲೆಗಳು ಮೊದಲ ವರ್ಗದಲ್ಲಿ ಒಂದೇ ಬಣ್ಣವಾಗುತ್ತವೆ. ಪ್ರತಿ ವರ್ಗಕ್ಕೂ ಸಮಸಂಖ್ಯೆಯ ಜಿಲ್ಲೆ ಹಂಚಿದರೆ ಬೇರೆಯೇ ಚಿತ್ರ. ಎರಡೂ ಭೂಪಟ ಒಂದೇ ಕೋಷ್ಟಕದಿಂದ ಹುಟ್ಟಿದವು. ಇವೆರಡನ್ನೂ ಮಾಡಿ ನೋಡಿದ ವಿದ್ಯಾರ್ಥಿ ಪತ್ರಿಕೆಯ ಬಣ್ಣದ ಭೂಪಟವನ್ನು ಸೂಚಿ ಓದದೆ ನಂಬಲಾರ.

ಗಡಿ ಬದಲಾಗುವುದೂ ಒಂದು ತೊಡಕು. ಬಳ್ಳಾರಿಯಿಂದ ವಿಜಯನಗರ ಜಿಲ್ಲೆ ಬೇರೆಯಾದದ್ದು 2021ರಲ್ಲಿ. 31 ಜಿಲ್ಲೆಗಳ ಇಂದಿನ ಗಡಿಗೆ 30 ಜಿಲ್ಲೆಗಳ 2011ರ ಅಂಕಿಗಳನ್ನು ಜೋಡಿಸಿದರೆ ವಿಜಯನಗರ ಖಾಲಿ ಉಳಿಯುತ್ತದೆ, ಬಳ್ಳಾರಿಯ ಅಂಕಿ ತಪ್ಪಾಗುತ್ತದೆ. ತಾಲ್ಲೂಕುವಾರು ಅಂಕಿ ತೆಗೆದು ಮತ್ತೆ ಕೂಡುವುದು ಸರಿಯಾದ ಮಾರ್ಗ.

ಅಂತರರಾಷ್ಟ್ರೀಯ ಗಡಿಯ ವಿಷಯದಲ್ಲಿ ಕಾನೂನೂ ಇದೆ. ಭಾರತೀಯ ಸರ್ವೇಕ್ಷಣಾ ಇಲಾಖೆಯ ಭೂಪಟಕ್ಕೆ ಹೊಂದದ ಗಡಿಯನ್ನು ಪ್ರಕಟಿಸುವುದು ಅಪರಾಧ. ವಿದೇಶಿ ಜಾಲತಾಣಗಳ ಪದರಗಳನ್ನು ಶಾಲೆಯ ಗೋಡೆಗೋ ಪತ್ರಿಕೆಗೋ ಬಳಸುವ ಮುನ್ನ ಗಡಿಯನ್ನು ಅಧಿಕೃತ ಭೂಪಟದಿಂದ ತೆಗೆದುಕೊಳ್ಳಬೇಕು. ಮಕ್ಕಳ ಮನೆ, ಅವರು ಓಡಾಡುವ ದಾರಿಗಳನ್ನು ಎಲ್ಲರಿಗೂ ಕಾಣುವ ಭೂಪಟಕ್ಕೆ ಏರಿಸಬಾರದು. ಓಪನ್‌ಸ್ಟ್ರೀಟ್‌ಮ್ಯಾಪಿನಂಥ ಸಾರ್ವಜನಿಕ ಭೂಪಟಕ್ಕೆ ಬಸ್ ನಿಲ್ದಾಣ, ಕೆರೆ, ಅಂಚೆ ಕಚೇರಿ, ಊರಿನ ಕನ್ನಡ ಹೆಸರುಗಳನ್ನು ಸೇರಿಸುವುದು ಸುರಕ್ಷಿತವೂ ಉಪಯುಕ್ತವೂ ಆದ ಕೆಲಸ.

ಒಂದೇ ಕಂಪ್ಯೂಟರಿನ ಶಾಲೆ

ಎಲ್ಲ ಶಾಲೆಯಲ್ಲೂ ಪ್ರಯೋಗಾಲಯ, ವೇಗದ ಅಂತರ್ಜಾಲ ಇರುವುದಿಲ್ಲ. ಒಂದು ಲ್ಯಾಪ್‌ಟಾಪ್, ಒಂದು ಪ್ರೊಜೆಕ್ಟರ್ ಇದ್ದಲ್ಲಿ ಶಿಕ್ಷಕರು ಭೂಪಟ ನಡೆಸುತ್ತಾರೆ, ಯಾವ ಪದರ ಹಾಕಬೇಕು, ಎಲ್ಲಿ ಹಿಗ್ಗಿಸಬೇಕು ಎಂಬುದನ್ನು ಮಕ್ಕಳು ಹೇಳುತ್ತಾರೆ. ಅಂತರ್ಜಾಲ ಇಲ್ಲದಲ್ಲಿ ಬೇಕಾದ ಪದರಗಳನ್ನು ಮೊದಲೇ ಇಳಿಸಿಕೊಂಡು ಕ್ಯೂಜಿಐಎಸ್‌ನಲ್ಲಿ ತೆರೆಯಬಹುದು. ಭಾರತೀಯ ಸರ್ವೇಕ್ಷಣಾ ಇಲಾಖೆಯ 1:50,000 ಪ್ರಮಾಣದ ಸಾರ್ವಜನಿಕ ಹಾಳೆಗಳು ಪಿಡಿಎಫ್ ರೂಪದಲ್ಲಿ ದೊರೆಯುತ್ತವೆ. ಕರೆಂಟೂ ಖಚಿತವಿಲ್ಲದಲ್ಲಿ ಉಪಗ್ರಹ ಚಿತ್ರವನ್ನು ಮುದ್ರಿಸಿ, ಅದರ ಮೇಲೆ ಟ್ರೇಸಿಂಗ್ ಕಾಗದಗಳನ್ನಿಟ್ಟು ನದಿ, ರಸ್ತೆ, ಬೆಳೆಗಳನ್ನು ಬೇರೆಬೇರೆ ಹಾಳೆಯಲ್ಲಿ ಎಳೆಸಿದರೆ ಪದರಗಳ ಕಲ್ಪನೆ ಪೂರ್ಣವಾಗಿ ತಲುಪುತ್ತದೆ.

ಎಸ್‌ಎಸ್‌ಎಲ್‌ಸಿ ಪರೀಕ್ಷೆಯಲ್ಲಿ ಭಾರತದ ಭೂಪಟ ಬರೆದು ಸ್ಥಳ ಗುರುತಿಸುವ ಪ್ರಶ್ನೆ ಇರುವುದರಿಂದ ಕೈಯಿಂದ ಭೂಪಟ ಬರೆಯುವ ಅಭ್ಯಾಸ ಉಳಿಯಲೇಬೇಕು. ಅದಕ್ಕೂ ತೆರೆಯ ಭೂಪಟಕ್ಕೂ ವಿರೋಧವಿಲ್ಲ. ತೀರದ ಬಾಗು, ನದಿಯ ತಿರುವುಗಳನ್ನು ಕೈ ನೆನಪಿಟ್ಟುಕೊಳ್ಳುತ್ತದೆ, ಅವುಗಳ ಕಾರಣವನ್ನು ಪದರಗಳ ಹೋಲಿಕೆ ತಿಳಿಸುತ್ತದೆ. ತಂತ್ರಾಂಶದ ಗುಂಡಿಗಳನ್ನು ಕಲಿಸುವುದೇ ಪಾಠವಾಗಿಬಿಡುವ ಅಪಾಯ ಮಾತ್ರ ಇದ್ದೇ ಇದೆ. ಪದವಿಪೂರ್ವ ಹಂತದ ಎನ್‌ಸಿಇಆರ್‌ಟಿ ಪ್ರಾಯೋಗಿಕ ಪುಸ್ತಕಗಳಲ್ಲಿ ಪ್ರಕ್ಷೇಪಣೆ, ದೂರಸಂವೇದನೆ, ಜಿಐಎಸ್‌ಗಳ ಕ್ರಮಬದ್ಧ ಪರಿಚಯ ಬರುತ್ತದೆ. ಅಲ್ಲಿಯವರೆಗೆ ತಂತ್ರಾಂಶ ಭೂಗೋಳದ ಪ್ರಶ್ನೆಗೆ ಸಾಧನವಾಗಿದ್ದರೆ ಸಾಕು.

ತರಗತಿವಾರು ಕ್ರಮವನ್ನು ಹೀಗೆ ಹಾಕಿಕೊಳ್ಳಬಹುದು. ಎಂಟನೆಯದರಲ್ಲಿ ಗೋಳ, ಪ್ರಕ್ಷೇಪಣೆ, ಪ್ರಮಾಣ ಮತ್ತು ಉಪಗ್ರಹ ಚಿತ್ರದ ಓದು. ಒಂಬತ್ತನೆಯದರಲ್ಲಿ ಕರ್ನಾಟಕದ ಅಡ್ಡಸೀಳು, ಮಳೆ-ಮಣ್ಣುಗಳ ಹೋಲಿಕೆ ಮತ್ತು ಊರಿನ ಒಂದು ಕ್ಷೇತ್ರಕಾರ್ಯ. ಹತ್ತನೆಯದರಲ್ಲಿ ಕೈಗಾರಿಕೆ, ಜನಸಂಖ್ಯೆ, ನೈಸರ್ಗಿಕ ವಿಕೋಪಗಳ ವಿಶ್ಲೇಷಣೆ. ಮೌಲ್ಯಮಾಪನದಲ್ಲಿ ಬಣ್ಣದ ಅಂದಕ್ಕಿಂತ ಐದು ಸಂಗತಿಗಳಿಗೆ ಬೆಲೆ ಬರಬೇಕು: ಭೂಪಟ ಯಾವ ಪ್ರಶ್ನೆಗೆ ಉತ್ತರಿಸುತ್ತದೆ, ದತ್ತಾಂಶ ಎಲ್ಲಿಯದು ಮತ್ತು ಯಾವ ವರ್ಷದ್ದು, ಪ್ರಮಾಣ ಪ್ರಶ್ನೆಗೆ ತಕ್ಕುದೇ, ಸೂಚಿ ಮತ್ತು ದಿಕ್ಕು ಸ್ಪಷ್ಟವಾಗಿವೆಯೇ, ಬರೆದ ತೀರ್ಮಾನಕ್ಕೆ ಭೂಪಟದಲ್ಲಿ ಆಧಾರವಿದೆಯೇ. ಈ ಐದರಲ್ಲಿ ಮೊದಲನೆಯದೂ ಕೊನೆಯದೂ ಶಿಕ್ಷಕರು ಹೆಚ್ಚು ಹೊತ್ತು ಕೊಡಬೇಕಾದವು. ನಡುವಿನ ಮೂರನ್ನು ಮಕ್ಕಳು ಪರಸ್ಪರ ತಿದ್ದಿಕೊಂಡೇ ಕಲಿಯಬಹುದು.